ಬಣ್ಣಕ್ಕೆ ಅಂಕ, ತುಂಬಿಗೆ ಸೊನ್ನೆ

ಟೆಂಡರ್ ದಿನ ಬ್ಯಾಡಗಿ ಮಾರುಕಟ್ಟೆಯಲ್ಲಿ ಖರೀದಿದಾರ ಒಂದು ರಾಶಿಯ ಮುಂದೆ ನಿಲ್ಲುವುದು ಹೆಚ್ಚೆಂದರೆ ಅರ್ಧ ನಿಮಿಷ. ಬಗ್ಗಿ ಒಂದು ಹಿಡಿ ಎತ್ತುತ್ತಾನೆ, ಹಸಿ ಇದೆಯೇ ಎಂದು ಮೆಲ್ಲಗೆ ಹಿಚುಕುತ್ತಾನೆ, ಒಂದು ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಬೀಜದ ಸದ್ದು ಕೇಳುತ್ತಾನೆ, ಇನ್ನೊಂದನ್ನು ಸೀಳಿ ಒಳಗೆ ಬೂಜು ಹಿಡಿದಿದೆಯೇ ನೋಡುತ್ತಾನೆ. ಆಮೇಲೆ ಕೈ ಕೊಡವಿ ಮುಂದಿನ ರಾಶಿಗೆ ನಡೆಯುತ್ತಾನೆ. ರೈತನ ಆರು ತಿಂಗಳ ದುಡಿಮೆಗೆ ಬೆಲೆ ಬಿದ್ದದ್ದು ಆ ಅರ್ಧ ನಿಮಿಷದಲ್ಲಿ.

ಅದೇ ಕಾಯಿ ಪ್ರಯೋಗಾಲಯಕ್ಕೆ ಹೋದರೆ ಸಿಗುವ ಮರ್ಯಾದೆಯೇ ಬೇರೆ. ಪುಡಿಯಾಗಿ, ಅಸಿಟೋನಿನಲ್ಲಿ ಹದಿನಾರು ತಾಸು ಕತ್ತಲಲ್ಲಿ ನೆನೆಯುತ್ತದೆ. ಆ ಕೆಂಪು ದ್ರಾವಣ 460 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಎಷ್ಟು ಹೀರಿತು ಎಂದು ಅಳೆದು, ಒಂದು ಸೂತ್ರಕ್ಕೆ ಹಾಕಿದರೆ ಬರುವ ಅಂಕಿಯೇ ಬಣ್ಣದ ಮೌಲ್ಯ. ಅದರ ಮಾನದ ಹೆಸರು ಆಸ್ಟಾ. ಅಮೆರಿಕದ ಸಂಬಾರ ವ್ಯಾಪಾರಿಗಳ ಸಂಘದ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದ್ದು ಅದು. ನಮ್ಮ ಮೆಣಸಿನಕಾಯಿಯ ಗುಣಕ್ಕೆ ಅಳತೆಗೋಲು ಕೊಟ್ಟವರು ಕೊಳ್ಳುವವರು. ಇದನ್ನು ದೂರಿನಂತೆ ಹೇಳುತ್ತಿಲ್ಲ. ಅಳತೆ ಸರಿಯಾಗಿಯೇ ಇದೆ. ಆದರೆ ಬ್ಯಾಡಗಿ ಮೆಣಸಿನಕಾಯಿಯ ಮೇಲೆ ನಡೆದ ಸಂಶೋಧನೆಯನ್ನು ಓದುತ್ತಾ ಹೋದಂತೆ, ಅಳತೆಗೋಲಿನ ಜೊತೆಗೆ ಪ್ರಶ್ನೆಗಳೂ ಅಲ್ಲಿಂದಲೇ ಬಂದವೇನೋ ಎಂಬ ಗುಮಾನಿ ಬಲವಾಗುತ್ತದೆ.

ಓದಲು ಸಾಮಗ್ರಿಗೇನೂ ಬರವಿಲ್ಲ. ಪ್ರಬಂಧಗಳ ಆನ್‌ಲೈನ್ ಭಂಡಾರಗಳಾದ ಕೃಷಿಕೋಶ, ಶೋಧಗಂಗಾ ತೆರೆದರೆ ತಳಿಶಾಸ್ತ್ರ, ಒಣಗಿಸುವ ತಂತ್ರ, ಮಾರುಕಟ್ಟೆ ಅಧ್ಯಯನ, ಎಲ್ಲ ಬಗೆಯವೂ ಸಿಗುತ್ತವೆ. ಸಂಸ್ಥೆಗಳಿಗೂ ಕೊರತೆಯಿಲ್ಲ. ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ, ಹಾವೇರಿ ಪಕ್ಕದ ದೇವಿಹೊಸೂರಿನಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯದ ಕಾಲೇಜು, ದೇವಗಿರಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಕೆರಿಮತ್ತಿಹಳ್ಳಿಯಲ್ಲಿ ಹಾವೇರಿ ವಿಶ್ವವಿದ್ಯಾಲಯ. ನಿಸರ್ಗ ವಿಜ್ಞಾನ, ಎಂಜಿನಿಯರಿಂಗ್, ಸಮಾಜ ವಿಜ್ಞಾನ ಮೂರೂ ಒಂದೇ ಜಿಲ್ಲೆಯಲ್ಲಿ, ಒಂದು ಬಸ್ಸಿನ ದೂರದಲ್ಲಿವೆ. ಈ ಮೂರನ್ನೂ ಒಂದೇ ಸಂಚಿಕೆಯಲ್ಲಿ ಕಟ್ಟಿ ‘ಬಹುಶಿಸ್ತೀಯ’ ಎಂದು ಹೆಸರಿಡುವ ನಿಯತಕಾಲಿಕಗಳು ಈಗ ಬೇಕಾದಷ್ಟಿವೆ. ಒಂದೇ ದಾರದಲ್ಲಿ ಹೊಲಿದ ಮಾತ್ರಕ್ಕೆ ಒಂದು ಶಾಸ್ತ್ರ ಇನ್ನೊಂದನ್ನು ಓದಿದೆ ಎಂದಲ್ಲ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಮೂರರಲ್ಲಿ ಹೆಚ್ಚು ಅಂಕ ತಳಿ ಮತ್ತು ರಸಾಯನ ವಿಜ್ಞಾನಕ್ಕೆ. ಡಬ್ಬಿ, ಕಡ್ಡಿ ಎಂಬ ಬಗೆಗಳಾಗಿ ರೈತರು ಕಣ್ಣಳತೆಯಲ್ಲಿ ಬೇರ್ಪಡಿಸಿದ್ದನ್ನು ಅದು ತಳ್ಳಿಹಾಕಲಿಲ್ಲ. ಕಾಯಿಯ ಉದ್ದ, ಸುಕ್ಕು, ಬೀಜದ ಪ್ರಮಾಣ, ಬಣ್ಣ, ಖಾರ ಎಲ್ಲವನ್ನೂ ಅಳೆದು ಆ ಕಣ್ಣು ಸುಳ್ಳಲ್ಲ ಎಂದು ತೋರಿಸಿತು. ಖಾರ ಕಮ್ಮಿ, ಬಣ್ಣ ಜಾಸ್ತಿ: ನಮ್ಮ ಮನೆಗಳಲ್ಲಿ ಮಸಾಲೆ ಅರೆಯುವ ಪ್ರತಿಯೊಬ್ಬರಿಗೂ ಗೊತ್ತಿದ್ದ ಈ ಮಾತು ಅಂಕಿಗಳ ಭಾಷೆಗೆ ಬಂದದ್ದರಿಂದಲೇ 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕ ಪಡೆಯುವುದು ಸುಲಭವಾಯಿತು.

ಆದರೆ ಹೆಸರು ಉಳಿಯಿತು, ಬೀಜ ಉಳಿಯಿತೇ? ಮುರುಟು ರೋಗಕ್ಕೂ ಇಳುವರಿಯ ಆಸೆಗೂ ಸಿಕ್ಕು ಹಲವರು ಮನೆಬೀಜ ಬಿಟ್ಟು ಕಂಪನಿ ಹೈಬ್ರಿಡ್‌ಗೆ ಹೋದರು. ಈಗ ಚೀಲದಲ್ಲಿ ಬರುವುದೆಲ್ಲ ಸೂಚಕ ಪಡೆದ ಆ ಕಾಯಿಯೇನಲ್ಲ. ಇನ್ನೊಂದು ಉದಾಹರಣೆ ಇದಕ್ಕಿಂತ ಕಹಿ. ಆಗ್ನೇಯ ಏಷ್ಯಾ ಮೂಲದ ಕಪ್ಪು ಥ್ರಿಪ್ಸ್ ನಮ್ಮ ದೇಶದಲ್ಲಿದೆ ಎಂದು ಮೊದಲು ವರದಿಯಾದದ್ದು 2015ರಲ್ಲಿ, ಅದೂ ಬೆಂಗಳೂರಿನ ಪಪ್ಪಾಯಿ ಗಿಡದ ಮೇಲೆ. 2021ರಲ್ಲಿ ಅದೇ ಕೀಟ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನಕಾಯಿ ಹೂವಿನೊಳಗೆ ಹೊಕ್ಕು ಹೊಲಗಳನ್ನು ಬರಿದು ಮಾಡಿತು. ನಡುವೆ ಆರು ವರ್ಷ. ವಿಜ್ಞಾನಕ್ಕೆ ಗೊತ್ತಿತ್ತು, ಹೊಲಕ್ಕೆ ಗೊತ್ತಿರಲಿಲ್ಲ. ಪ್ರಬಂಧ ಪ್ರಕಟವಾದಾಗ ಸಂಶೋಧಕನ ಕೆಲಸ ಮುಗಿಯಿತೆಂದು ಲೆಕ್ಕ ಹಾಕುವ ಪದ್ಧತಿಯ ಫಲ ಇದು.

ಎಂಜಿನಿಯರಿಂಗ್‌ಗೆ ಬರೋಣ. ಒಣಗಿಸುವ ಸಮಸ್ಯೆಯನ್ನು ಅದು ಸರಿಯಾಗಿಯೇ ಹಿಡಿದಿದೆ. ನೆಲದ ಮೇಲೆ ಹರವಿದ ಕಾಯಿಗೆ ಇಬ್ಬನಿ ಬಿದ್ದರೆ ಶಿಲೀಂಧ್ರ, ಶಿಲೀಂಧ್ರದಿಂದ ಅಫ್ಲಾಟಾಕ್ಸಿನ್ ಎಂಬ ವಿಷ, ಅದರಿಂದ ರಫ್ತು ವಾಪಸ್. ಸೋಲಾರ್ ಡ್ರೈಯರ್ ಇದಕ್ಕೆ ನಿಜವಾದ ಉತ್ತರವೇ. ಆದರೆ ಇಲ್ಲೂ ಮೊದಲು ಕಾಣುವುದು ರಫ್ತುದಾರನ ಆತಂಕ. ಎರಡೆಕರೆಯವನು ಸುಗ್ಗಿಯ ದಿನವೇ ದಲಾಲಿ ಅಂಗಡಿಯ ಸಾಲ ತೀರಿಸಬೇಕು. ಮೂರು ದಿನ ಹೆಚ್ಚು ಕಾಯುವ ಶಕ್ತಿ ಅವನಿಗೆ ಎಲ್ಲಿಂದ ಬರಬೇಕು? ಈ ಪ್ರಶ್ನೆ ಉಷ್ಣತೆ, ತೇವಾಂಶದ ಕೋಷ್ಟಕಗಳಲ್ಲಿ ಹಿಡಿಸುವುದಿಲ್ಲ.

ಇನ್ನು ತೊಟ್ಟು ತೆಗೆಯುವ ಯಂತ್ರ. ಬ್ಯಾಡಗಿಯಲ್ಲಿ ಈ ಕೆಲಸಕ್ಕೆ ‘ತುಂಬು ಬಿಡಿಸೋದು’ ಎನ್ನುತ್ತಾರೆ. ನೋಡದವರಿಗಾಗಿ ಹೇಳುತ್ತೇನೆ: ಹೆಂಗಸರು ಸಾಲಾಗಿ ಕೂತಿರುತ್ತಾರೆ, ಸೆರಗು ಮೂಗಿಗೆ ಬಿಗಿದಿರುತ್ತದೆ. ಎಡಗೈಯಲ್ಲಿ ಕಾಯಿ, ಬಲಗೈಯ ಹೆಬ್ಬೆರಳು ತೋರುಬೆರಳ ನಡುವೆ ತುಂಬು. ಒಂದು ಸಣ್ಣ ತಿರುವು, ತುಂಬು ಒಂದು ಕಡೆ, ಕಾಯಿ ಇನ್ನೊಂದು ಕಡೆ. ತಿರುವು ತಪ್ಪಿದರೆ ಕಾಯಿಯ ಹೆಗಲು ಹರಿದು ಬೀಜ ಚೆಲ್ಲುತ್ತದೆ, ದರ ಇಳಿಯುತ್ತದೆ. ಕೂಲಿ ಕೆಜಿ ಲೆಕ್ಕ. ಸಂಜೆ ಮನೆಗೆ ಹೋದ ಮೇಲೆ ಕೂಸನ್ನು ಎತ್ತಿಕೊಳ್ಳಲೂ ಹೆದರಿಕೆ, ಕೈ ಅಷ್ಟು ಉರಿ. ‘ಕೊಬ್ರಿ ಎಣ್ಣಿ ಹಚ್ಕೋತೀವ್ರೀ, ಏನ್ ಮಾಡೋದು’ ಎಂದು ಒಬ್ಬಾಕೆ ನಕ್ಕಿದ್ದರು. ಯಂತ್ರದ ಪ್ರಬಂಧಗಳಲ್ಲಿ ನಾನು ಕಂಡದ್ದು ತಾಸಿಗೆ ಎಷ್ಟು ಕೆಜಿ, ಶೇಕಡಾ ಎಷ್ಟು ಕಾಯಿ ಮುರಿಯಿತು ಎಂಬ ಲೆಕ್ಕ. ಆ ಕೈಯ ಉರಿಗೆ ಅಲ್ಲಿ ಅಂಕಣವಿಲ್ಲ, ಯಂತ್ರ ಬಂದರೆ ಆ ಕೂಲಿ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೂ ಇಲ್ಲ.

ಇದು ಸಮಾಜ ವಿಜ್ಞಾನದ ಕೆಲಸವಲ್ಲವೇ ಎಂದು ನೀವು ಕೇಳಬಹುದು. ಹೌದು, ನನಗೆ ಅತಿ ಹೆಚ್ಚು ನಿರಾಸೆ ತಂದದ್ದೂ ಅದೇ. ನೂರಿಪ್ಪತ್ತು ರೈತರಿಗೆ ಪ್ರಶ್ನಾವಳಿ, ‘ನಿಮ್ಮ ಸಮಸ್ಯೆಗಳೇನು’ ಎಂದು ಕೇಳಿ ಗ್ಯಾರೆಟ್ ರ‍್ಯಾಂಕಿಂಗ್‌ನಲ್ಲಿ ಒಂದು, ಎರಡು, ಮೂರು. ಮೊದಲ ಸ್ಥಾನ ಬೆಲೆಯ ಏರಿಳಿತಕ್ಕೆ. ಇದನ್ನು ತಿಳಿಯಲು ಮೋಟೆಬೆನ್ನೂರಿನ ಚಹಾದಂಗಡಿಯೇ ಸಾಕಿತ್ತು. ಆವಕ ಮತ್ತು ಬೆಲೆಯ ಸರಣಿಯಿಂದ ಮುಂದಿನ ಬೆಲೆಯನ್ನು ಊಹಿಸುವ ಮಾದರಿಗಳೂ ಇವೆ. 2024ರ ಮಾರ್ಚ್ 11, ಸೋಮವಾರ, ದರ ಏಕಾಏಕಿ ಕುಸಿಯಿತೆಂದು ಸಿಟ್ಟಿಗೆದ್ದವರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಇಟ್ಟರು. ಬೆಂಕಿಯನ್ನು ಯಾವ ಮಾದರಿಯೂ ಊಹಿಸಬೇಕಿರಲಿಲ್ಲ. ಆದರೆ ಟೆಂಡರ್ ಬರೆಯುವವರು ಎಷ್ಟು ಮಂದಿ, ಅವರ ಹಿಂದೆ ಯಾರ ಆರ್ಡರ್ ಇದೆ, ಕೋಲ್ಡ್ ಸ್ಟೋರೇಜಿನ ಹಳೆ ಮಾಲು ಯಾವಾಗ ಹೊರಬರುತ್ತದೆ ಎಂಬುದನ್ನು ಒಂದು ಸೀಜನ್ ಪೂರ್ತಿ ಅಲ್ಲೇ ಕೂತು ಬರೆದಿಟ್ಟ ಪ್ರಬಂಧವನ್ನು ನಾನು ಹುಡುಕುತ್ತಲೇ ಇದ್ದೇನೆ.

ಅಂಥ ಕೆಲಸ ಆಗದ್ದೇನಲ್ಲ. 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಹತ್ತಿ ಬಂತು. ಎರಡು ಪ್ರಭೇದಗಳನ್ನು ಕೂಡಿಸಿದ ಹೈಬ್ರಿಡ್, ದೊಡ್ಡ ಸಾಧನೆ. ಆ ಬೀಜಕ್ಕೆ ಪ್ರತಿ ಹೂವನ್ನೂ ಸಂಜೆ ಕೈಯಿಂದ ಬಿಡಿಸಿ ಕೇಸರ ತೆಗೆಯಬೇಕು, ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸಬೇಕು. ರಾಣೆಬೆನ್ನೂರು ಸೀಮೆಯಲ್ಲಿ ಹತ್ತಿ, ಟೊಮೆಟೊ, ಮೆಣಸಿನಕಾಯಿ ಬೀಜೋತ್ಪಾದನೆ ಇಂದು ಒಂದು ಕಸುಬೇ ಆಗಿದೆ, ‘ಕ್ರಾಸಿಂಗ್’ ಎಂಬುದು ಅಲ್ಲಿ ಮನೆಮಾತು. ಹೈಬ್ರಿಡ್ ಹತ್ತಿ ಬೀಜದ ಹೊಲಗಳಲ್ಲಿ ಆ ಕೆಲಸ ಮಾಡುತ್ತಿದ್ದ ಬೆರಳುಗಳು ಯಾರವು ಎಂದು ಆಂಧ್ರದಲ್ಲಿ ವರ್ಷಗಟ್ಟಲೆ ಬೆನ್ನುಹತ್ತಿ ಬಾಲಕಿಯರ ದುಡಿಮೆಯನ್ನು ದಾಖಲಿಸಿದವರು ದಾವುಲೂರಿ ವೆಂಕಟೇಶ್ವರಲು. ತಳಿ ವಿಜ್ಞಾನ ಬಿಟ್ಟ ಜಾಗದಿಂದ ಸಮಾಜ ವಿಜ್ಞಾನ ಶುರುವಾದದ್ದಕ್ಕೆ ಅದು ನಮೂನೆ.

ಹಾವೇರಿ ವಿಶ್ವವಿದ್ಯಾಲಯಕ್ಕೆ ಇನ್ನೂ ಎಳೆ ವಯಸ್ಸು. 2025ರಲ್ಲಿ ಸಂಪುಟ ಉಪಸಮಿತಿ ಮುಚ್ಚಲು ಸೂಚಿಸಿದ ಹೊಸ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಅದರ ಹೆಸರೂ ಇತ್ತು. ಹಣವಿಲ್ಲ ಎನ್ನುವ ಮಾತು ನಿಜವೇ ಇರಬಹುದು. ಆದರೆ ನಾನು ಹೇಳುತ್ತಿರುವ ಕೆಲಸಕ್ಕೆ ಬೇಕಾದದ್ದು ಒಂದು ನೋಟುಪುಸ್ತಕ, ಬ್ಯಾಡಗಿಗೆ ಬಸ್ ಚಾರ್ಜು. ಕೆರಿಮತ್ತಿಹಳ್ಳಿಯ ಒಬ್ಬ, ದೇವಗಿರಿಯ ಒಬ್ಬ, ಹನುಮನಮಟ್ಟಿಯ ಒಬ್ಬ ವಿದ್ಯಾರ್ಥಿಯನ್ನು ಒಂದೇ ರಾಶಿಯ ಮುಂದೆ ನಿಲ್ಲಿಸಿ ಎಂದು ಮಾರ್ಗದರ್ಶಕರನ್ನು ಕೇಳಿಕೊಳ್ಳುತ್ತೇನೆ. ಟೆಂಡರ್ ಸೋಮವಾರ ಮತ್ತು ಗುರುವಾರ ನಡೆಯುತ್ತದೆ. ಮೂಗಿಗೆ ಕಟ್ಟಲು ಬಟ್ಟೆ ಮರೆಯಬೇಡಿ.