ಸಂಬಳವೂ ಬಾಡಿಗೆಯೂ ಒಂದೇ ಗೇಟಿನಿಂದ

ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಊಟದ ಹೊತ್ತಿಗೆ ಒಂದು ಉಪದೇಶ ತಪ್ಪದೆ ಕಿವಿಗೆ ಬೀಳುತ್ತದೆ. ವಯಸ್ಸು ಮೂವತ್ತೈದು ದಾಟುವುದರೊಳಗೆ ಒಂದು ಫ್ಲಾಟ್ ತಗೊಂಡು ಬಾಡಿಗೆಗೆ ಬಿಡು, ಇಎಂಐ ಬಾಡಿಗೆಯವರೇ ಕಟ್ಟಿಕೊಂಡು ಹೋಗ್ತಾರೆ, ನಾಳೆ ಕೆಲಸ ಹೋದರೂ ಮನೆ ನಡೆಯುತ್ತೆ. ವೈಟ್‌ಫೀಲ್ಡ್, ವರ್ತೂರು, ಎಲೆಕ್ಟ್ರಾನಿಕ್ ಸಿಟಿ, ಚಂದಾಪುರದ ಕಡೆ ಎದ್ದಿರುವ ಅಪಾರ್ಟ್‌ಮೆಂಟುಗಳಲ್ಲಿ ಈ ಮಾತನ್ನು ನಂಬಿ ಕೊಂಡ ಮನೆಗಳು ಕಡಿಮೆಯಿಲ್ಲ. ಕೊಂಡವರು ದಡ್ಡರೇನಲ್ಲ. ಹಗಲು ಹತ್ತು ಗಂಟೆ ದುಡಿದು, ರಾತ್ರಿ ಅಮೆರಿಕದವರ ಕಾಲ್‌ಗೆ ಕೂರುವವರಿಗೆ, ತಾನು ದುಡಿಯದೆಯೂ ಬರುವ ಒಂದಿಷ್ಟು ಹಣದ ಆಸೆ ಸಹಜ. ನನ್ನ ತಕರಾರು ಬೇರೆ. ಕೆಲಸ ಹೋದ ಕಾಲಕ್ಕೆ ಆಸರೆಯಾಗಲಿ ಎಂದು ಕೊಂಡ ಆ ಮನೆ ನಿಂತಿರುವುದೇ ಆ ಕೆಲಸದ ಮೇಲೆ.

ಲೆಕ್ಕವನ್ನೇ ಮೊದಲು ನೋಡೋಣ. 80 ಲಕ್ಷದ ಎರಡು ಬೆಡ್‌ರೂಮಿನ ಫ್ಲಾಟ್ ಎಂದಿಟ್ಟುಕೊಳ್ಳಿ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ 6 ಲಕ್ಷ ಕರಗಿತು. ಬೀರು, ಅಡುಗೆಮನೆ ಕಪಾಟು, ಗೀಸರು, ಫ್ಯಾನು ಇಲ್ಲದ ಮನೆಗೆ ಈಗ ಒಳ್ಳೆಯ ಬಾಡಿಗೆ ಸಿಗುವುದಿಲ್ಲವಾದ್ದರಿಂದ ಇನ್ನೊಂದು 4 ಲಕ್ಷ. ಒಟ್ಟು 90 ಲಕ್ಷ. ಅದರಲ್ಲಿ 60 ಲಕ್ಷ ಸಾಲ. ಶೇ. 8.5 ಬಡ್ಡಿ, 20 ವರ್ಷದ ಅವಧಿ ಎಂದರೆ ತಿಂಗಳ ಕಂತು ಸುಮಾರು 52 ಸಾವಿರ. ಬಾಡಿಗೆ 30 ಸಾವಿರ ಬಂತೆಂದೇ ಹಿಡಿಯಿರಿ. ಉಳಿದ 22 ಸಾವಿರ ಸಂಬಳದಿಂದ ಹೋಗಬೇಕು. ಮೊದಲ ವರ್ಷದ ಬಡ್ಡಿಯೇ 5 ಲಕ್ಷ ದಾಟುತ್ತದೆ, ಇಡೀ ವರ್ಷದ ಬಾಡಿಗೆ 3 ಲಕ್ಷ 60 ಸಾವಿರ. ಅಂದರೆ ಬಾಡಿಗೆಯವರು ಇಎಂಐ ಕಟ್ಟುವುದು ಹಾಗಿರಲಿ, ಬಡ್ಡಿಯೂ ಅವರಿಂದ ತೀರುವುದಿಲ್ಲ. ಅಸೋಸಿಯೇಷನ್ನಿನ ಮೇಂಟೆನೆನ್ಸ್, ಮನೆ ಖಾಲಿ ಬಿದ್ದ ಒಂದೆರಡು ತಿಂಗಳು, ಸುಣ್ಣಬಣ್ಣ, ಬ್ರೋಕರ್‌ನ ಕಮಿಷನ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಬೆಂಗಳೂರಿನ ಆಸ್ತಿ ತೆರಿಗೆಯೂ ಬಾಡಿಗೆಗೆ ಕೊಟ್ಟ ಮನೆಗೆ ಸ್ವಂತ ವಾಸದ ಮನೆಯ ಎರಡರಷ್ಟು. ಇವನ್ನೆಲ್ಲ ಕಳೆದರೆ ಹಾಕಿದ ಹಣಕ್ಕೆ ಕೈಗೆ ಬರುವುದು ಶೇ. 3ರ ಆಸುಪಾಸು.

ತೆರಿಗೆ ಉಳಿಯುತ್ತದಲ್ಲ ಎನ್ನುವ ವಾದವೂ ಈಗ ಹಳತಾಗಿದೆ. ಬಾಡಿಗೆ ಮನೆಯ ನಷ್ಟವನ್ನು ಸಂಬಳದಲ್ಲಿ ಕಳೆಯುವುದಕ್ಕೆ 2017-18ರಿಂದಲೇ ವರ್ಷಕ್ಕೆ 2 ಲಕ್ಷದ ಮಿತಿ ಬಂತು. 2023-24ರಿಂದ ತಾನಾಗಿ ಅನ್ವಯವಾಗುವ ಹೊಸ ತೆರಿಗೆ ಪದ್ಧತಿಯಲ್ಲಿ ಆ 2 ಲಕ್ಷವೂ ಇಲ್ಲ. ಬಾಡಿಗೆ ಎಷ್ಟೋ ಅಷ್ಟರವರೆಗೆ ಮಾತ್ರ ಬಡ್ಡಿ ವಜಾ. ಆದರೂ ಮನೆ ಮಾರುವವರ ಕರಪತ್ರಗಳಲ್ಲಿ ತೆರಿಗೆ ಉಳಿತಾಯದ ಸಾಲು ಹಾಗೇ ಉಳಿದಿದೆ.

ಬೆಲೆ ಏರುತ್ತದೆ ಎನ್ನುವುದು ನಿಜ. ಕೆ.ಆರ್. ಪುರದಿಂದ ವೈಟ್‌ಫೀಲ್ಡಿಗೆ 2023ರ ಮಾರ್ಚ್ 26ರಂದು ಮೆಟ್ರೊ ಓಡಿತು, ಅದಕ್ಕೂ ಮೊದಲು ಕೊಂಡು ಕೂತವರಿಗೆ ಲಾಭವಾಯಿತು. ಆದರೆ ಎಲೆಕ್ಟ್ರಾನಿಕ್ ಸಿಟಿಯ ಕಥೆಯನ್ನೂ ಕೇಳಬೇಕು. ನಮ್ಮ ಮೆಟ್ರೊ ಎರಡನೇ ಹಂತಕ್ಕೆ ಕೇಂದ್ರ ಒಪ್ಪಿದ್ದು 2014ರಲ್ಲಿ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ರೈಲು ಹೊರಟಿದ್ದು 2025ರ ಆಗಸ್ಟ್ 10ರಂದು. ಈ ಹನ್ನೊಂದು ವರ್ಷವೂ ಹೊಸೂರು ರಸ್ತೆಯ ಆಚೀಚೆ ಮನೆ ಕೊಂಡವರು ಬರಲಿರುವ ಮೆಟ್ರೊಗೂ ಸೇರಿಸಿ ಬೆಲೆ ಕೊಟ್ಟಿದ್ದಾರೆ, ಆ ಮೊತ್ತಕ್ಕೆ ಬಡ್ಡಿಯನ್ನೂ ಕಟ್ಟಿದ್ದಾರೆ. ಬೆಲೆ ಏರಿಕೆ ಮಾರಿದಾಗ ಸಿಗುವ ಹಣ, ಕೆಲಸ ಹೋದ ತಿಂಗಳಲ್ಲಿ ಅದರಿಂದ ಅಕ್ಕಿ ಬರುವುದಿಲ್ಲ.

ಈ ಪದ್ಧತಿಯ ನಿಜವಾದ ಪರೀಕ್ಷೆ ನಡೆದದ್ದು 2020ರಲ್ಲಿ. ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ಕಂಪನಿಗಳು ಎಲ್ಲರನ್ನೂ ಮನೆಗೆ ಕಳಿಸಿದವು. ಬಾಡಿಗೆಗಿದ್ದ ಹುಡುಗರು ಲ್ಯಾಪ್‌ಟಾಪ್ ಎತ್ತಿಕೊಂಡು ಹುಬ್ಬಳ್ಳಿಗೆ, ವಿಜಯವಾಡಕ್ಕೆ, ಭುವನೇಶ್ವರಕ್ಕೆ ಹೊರಟರು. ಮಾರತ್ತಹಳ್ಳಿಯಿಂದ ಕಾಡುಗೋಡಿಯವರೆಗೆ ಗೇಟುಗೇಟಿಗೂ ಟು-ಲೆಟ್ ಬೋರ್ಡು ತೂಗಿತು. ಮನೆಯ ಮಾಲೀಕನೂ ಅಂಥದೇ ಒಂದು ಕಂಪನಿಯ ನೌಕರ. ಅವನ ಪ್ರಾಜೆಕ್ಟ್ ಉಳಿಯುತ್ತದೋ ಇಲ್ಲವೋ ಎಂಬ ಭಯ ಇದ್ದ ತಿಂಗಳಲ್ಲೇ ಬಾಡಿಗೆಯೂ ನಿಂತಿತು. ಎರಡು ಆದಾಯ ಎಂದು ಅವನು ತಿಳಿದದ್ದು ಒಂದೇ ಉದ್ಯಮದ ಎರಡು ಕವಲು. 2022ರ ನಂತರ ಕಚೇರಿಗೆ ವಾಪಸ್ ಕರೆದಾಗ ಬಾಡಿಗೆ ಜಿಗಿಯಿತು, ತಾಳಿಕೊಂಡವರು ಗೆದ್ದರು. ಆದರೆ ಅದೇ ಹೊತ್ತಿಗೆ, 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ, ರಿಸರ್ವ್ ಬ್ಯಾಂಕಿನ ರೆಪೊ ದರ ಶೇ. 4ರಿಂದ ಶೇ. 6.5ಕ್ಕೆ ಏರಿತ್ತು. ಎಷ್ಟೋ ಸಾಲಗಳಲ್ಲಿ ಕಂತು ಅಷ್ಟೇ ಇದ್ದು ವರ್ಷಗಳು ಹೆಚ್ಚಾದವು. ಕಂತು ಬದಲಾಗದ್ದರಿಂದ ಬಹಳ ಜನಕ್ಕೆ ಅದು ತಿಳಿಯಲೂ ಇಲ್ಲ.

ಇದಕ್ಕೆ ಹೋಲಿಸಿ ನೋಡಬೇಕಾದ ಇನ್ನೊಂದು ಪದ್ಧತಿ ಇದೇ ಊರಿನಲ್ಲಿದೆ. ಪೀಣ್ಯದ ಸುತ್ತಿನ ಹೆಗ್ಗನಹಳ್ಳಿ, ಲಗ್ಗೆರೆ, ರಾಜಗೋಪಾಲನಗರ, ಆ ಕಡೆ ಬೊಮ್ಮಸಂದ್ರದ ಪಕ್ಕದ ಹೆಬ್ಬಗೋಡಿ. ಇಲ್ಲಿ ಮನೆ ಮಾಲೀಕರೆಂದರೆ ನಿವೃತ್ತ ಫಿಟ್ಟರು, ಲೇತ್ ಮೇಲೆ ಮೂವತ್ತು ವರ್ಷ ನಿಂತವರು, ಜಮೀನು ಕೈಗಾರಿಕೆಗೆ ಹೋದ ಹಳ್ಳಿಯ ಮೂಲ ನಿವಾಸಿಗಳು. ಮೂವತ್ತು-ನಲವತ್ತರ ಸೈಟಿನಲ್ಲಿ ಮೊದಲು ಶೀಟಿನ ಮನೆ, ಕೈಗೆ ಪಿಎಫ್ ಹಣವೋ ಚೀಟಿ ಹಣವೋ ಬಂದಾಗ ಮೋಲ್ಡು, ಆಮೇಲೆ ಒಂದೊಂದಾಗಿ ಮಹಡಿ. ಕೆಳಗಿನ ಮನೆಯನ್ನು ಭೋಗ್ಯಕ್ಕೆ ಹಾಕಿ, ಬಂದ ಇಡುಗಂಟಿನಲ್ಲಿ ಮೇಲಿನ ಮಹಡಿ ಕಟ್ಟುವುದೂ ಉಂಟು. ಒಂದೊಂದು ಮಹಡಿಗೆ ಎರಡೋ ಮೂರೋ ಸಣ್ಣ ಮನೆ. ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಐಟಿಐ ಮುಗಿಸಿ ಬಂದ ಹುಡುಗರು, ಬಿಹಾರ ಒಡಿಶಾದ ಕುಟುಂಬಗಳು ಬಾಡಿಗೆಗೆ. ಒಂದು ಮನೆ ಖಾಲಿಯಾದರೆ ಉಳಿದ ಏಳು ಇರುತ್ತವೆ. ಮೇಸ್ತ್ರಿಯನ್ನು ಕರೆತರುವುದು, ಮೋಟಾರ್ ಹಾಕುವುದು, ತಿಂಗಳ ಐದನೇ ತಾರೀಖು ಬಾಗಿಲು ತಟ್ಟುವುದು, ಎಲ್ಲವೂ ಮಾಲೀಕನ ಹೆಂಡತಿಯ ಪಾಲು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದಾಗ ಪ್ರತಿ ಮನೆಗೂ ಬೇರೆ ಮೀಟರ್ ಇದ್ದ ಕಟ್ಟಡಕ್ಕೆ ಬೇಡಿಕೆ ಹೆಚ್ಚುತ್ತದೆಂದು ಮೊದಲು ಅರಿತವಳು ಆಕೆಯೇ ಇರಬೇಕು.

ಇದನ್ನು ಹೊಗಳಿ ಅಟ್ಟಕ್ಕೇರಿಸುವುದು ನನ್ನ ಉದ್ದೇಶವಲ್ಲ. ಗಾಳಿ ಬೆಳಕಿಲ್ಲದ ಕೋಣೆಗಳು, ಪಕ್ಕದ ಗೋಡೆಗೆ ಅಂಟಿಕೊಂಡೇ ಎದ್ದ ಗೋಡೆ, ಬಿ-ಖಾತಾ, ರೆವೆನ್ಯೂ ಸೈಟಿನ ತಕರಾರು, ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ, ನೀವು ಯಾವ ಜನ ಎಂಬ ಪ್ರಶ್ನೆ, ಎಲ್ಲವೂ ಅಲ್ಲಿವೆ. ಆದರೂ ಆದಾಯದ ದೃಷ್ಟಿಯಿಂದ ಅದು ಗಟ್ಟಿ. ಸೈಟು ಅಗ್ಗದಲ್ಲಿ ಸಿಕ್ಕಿತ್ತು, ಬ್ಯಾಂಕ್ ಸಾಲ ಕಡಿಮೆ, ಎಲ್ಲಕ್ಕಿಂತ ಮುಖ್ಯವಾಗಿ ಮಾಲೀಕನ ಮನೆಯವರ ಹೊತ್ತು ಅದರಲ್ಲಿ ಬಿದ್ದಿದೆ. ಆ ಹೊತ್ತಿಗೆ ಕೂಲಿ ಯಾರೂ ಬರೆದಿಟ್ಟಿಲ್ಲ ಅಷ್ಟೆ.

ಐಟಿ ನೌಕರ ಕೊಳ್ಳುವಾಗ ಬಿಟ್ಟುಬಿಡುವ ಕಾಲಂ ಇದೇ. ಪ್ಲಂಬರ್ ಬರುವುದು ರಿಲೀಸ್ ದಿನದ ಬೆಳಗ್ಗೆ ಹನ್ನೊಂದಕ್ಕೆ. 2024ರ ಬೇಸಿಗೆಯಲ್ಲಿ ವೈಟ್‌ಫೀಲ್ಡ್ ಕಡೆಯ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗೆ ಪರದಾಟವಾದಾಗ ಬಾಡಿಗೆಯವರ ಫೋನು ಹೋದದ್ದು ಮೀಟಿಂಗಿನಲ್ಲಿ ಕೂತ ಮಾಲೀಕನಿಗೆ. ಮನೆ ನೋಡಲು ಬಂದವರು ಇಂದಿಗೂ ಮೊದಲು ಕೇಳುವುದು ಕಾವೇರಿ ನೀರಿದೆಯಾ ಎಂದು. ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ ಶುರುವಾದದ್ದು 2024ರ ಅಕ್ಟೋಬರಿನಲ್ಲಿ, ತನ್ನ ಅಪಾರ್ಟ್‌ಮೆಂಟಿಗೆ ಸಂಪರ್ಕ ಬಂದಿದೆಯೇ ಎಂಬುದು ಎಷ್ಟೋ ಮಾಲೀಕರಿಗೇ ಗೊತ್ತಿರುವುದಿಲ್ಲ. ಇದನ್ನೆಲ್ಲ ನೋಡಿಕೊಳ್ಳಲು ಏಜೆನ್ಸಿ ಇಟ್ಟರೆ ಮೊದಲೇ ಸಣಕಲಾದ ಆದಾಯ ಇನ್ನಷ್ಟು ತೆಳುವಾಗುತ್ತದೆ.

ಅಡ್ವಾನ್ಸಿನ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಖಾರ. ಹತ್ತು ತಿಂಗಳ ಅಡ್ವಾನ್ಸ್ ಬೆಂಗಳೂರಿನ ಹಳೆಯ ರೂಢಿ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಸಾಕು ಎಂದಿತು. ಸಾಲದಲ್ಲಿ ಮುಳುಗಿ ಮೊದಲ ಮನೆ ಕೊಂಡವರು ಆ ಹಣವನ್ನು ಕಪಾಟು ಮಾಡಿಸಲೋ ಕೈಸಾಲ ತೀರಿಸಲೋ ಬಳಸಿಬಿಡುತ್ತಾರೆ. ಬಾಡಿಗೆಯವರು ಮನೆ ಬಿಡುವಾಗ ಕೊಡಲು ಹಣವಿಲ್ಲ, ಹೊಸಬರು ಬರುವವರೆಗೆ ಕಾಯಿರಿ ಎನ್ನುತ್ತಾರೆ, ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಐದು ವರ್ಷದ ಹಿಂದೆ ತಾವೇ ಬಾಡಿಗೆಗಿದ್ದಾಗ ಇದನ್ನೇ ಬೈದವರು ಇವರು. ಇಲ್ಲಿ ದುರುದ್ದೇಶಕ್ಕಿಂತ ಇಕ್ಕಟ್ಟು ಹೆಚ್ಚು. ಆದರೆ ಆ ಇಕ್ಕಟ್ಟಿನ ಬೆಲೆಯನ್ನು ತೆರುವವರು ಬಾಡಿಗೆಯವರು.

ಕಾಗದಪತ್ರದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2024ರ ಅಕ್ಟೋಬರಿನಿಂದ ಇ-ಖಾತಾ ಇಲ್ಲದೆ ನೋಂದಣಿ ಇಲ್ಲ. ಅದೇ ವರ್ಷದ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಓಸಿ, ಅಂದರೆ ವಾಸಯೋಗ್ಯ ಪ್ರಮಾಣಪತ್ರ, ಇಲ್ಲದ ಕಟ್ಟಡಕ್ಕೆ ವಿದ್ಯುತ್ ಸಂಪರ್ಕವೇ ಕಷ್ಟವಾಯಿತು. ಎಲೆಕ್ಟ್ರಾನಿಕ್ ಸಿಟಿ ಸುತ್ತಿನ ಪಂಚಾಯ್ತಿ ವ್ಯಾಪ್ತಿಯಲ್ಲಿ ಅಧಿಕೃತ ಆಸ್ತಿಗೆ ಕೊಡುವ ನಮೂನೆ 9 ಜೊತೆಗೆ 11ಎ ಇದೆಯೋ ಅಥವಾ ಅನುಮೋದನೆಯಿಲ್ಲದ ಆಸ್ತಿಗೆ ಕೊಡುವ 11ಬಿ ಇದೆಯೋ ಎಂಬುದರ ಮೇಲೆ ಮನೆಯ ಹಣೆಬರಹ ನಿಂತಿದೆ. ವಾರಾಂತ್ಯದ ಸೈಟ್ ವಿಸಿಟ್‌ನಲ್ಲಿ ಕಾಫಿ ಕುಡಿದು ಬುಕಿಂಗ್ ಚೆಕ್ ಬರೆಯುವವರು ಇದಕ್ಕೆ ಒಂದು ದಿನ ರಜೆ ಹಾಕಿ ವಕೀಲರ ಹತ್ತಿರ ಕೂರುವುದಿಲ್ಲ ಎನ್ನುವುದೇ ನನಗೆ ಅಚ್ಚರಿ.

ಹಾಗಾದರೆ ಕೊಳ್ಳಲೇಬಾರದೇ? ಕೊಳ್ಳಬಹುದು. ಬಾಡಿಗೆಯವರ ಅನ್ನದ ಮೂಲ ನಿಮ್ಮದಕ್ಕಿಂತ ಬೇರೆಯಿರಲಿ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸವಿದ್ದರೆ ಬೊಮ್ಮಸಂದ್ರದ ಕಡೆ ನೋಡಿ, ಅಲ್ಲಿ ನಾರಾಯಣ ಹೆಲ್ತ್ ಸಿಟಿಯ ನರ್ಸುಗಳಿದ್ದಾರೆ, ಕಾರ್ಖಾನೆಗಳ ಟೆಕ್ನಿಷಿಯನ್ನರಿದ್ದಾರೆ. ಕ್ಲಬ್‌ಹೌಸ್ ಇಲ್ಲದ ಸಣ್ಣ ಮನೆ ಅವರಿಗೆ ಸಾಕು, ನಿಮ್ಮ ಸಾಲವೂ ಚಿಕ್ಕದಾಗುತ್ತದೆ. ಕಟ್ಟುತ್ತಿರುವ ಮನೆ ಬೇಡ, ಓಸಿ ಬಂದದ್ದೇ ಇರಲಿ. ನೀವಿರುವ ಕಡೆಯಿಂದ ಅರ್ಧ ಗಂಟೆಯಲ್ಲಿ ತಲುಪುವಂತಿರಲಿ. ಬಾಡಿಗೆ ಒಂದು ರೂಪಾಯಿ ಬಾರದಿದ್ದರೂ ಒಂದು ವರ್ಷದ ಕಂತು ಕಟ್ಟುವಷ್ಟು ಹಣವನ್ನು ಬೇರೆ ಇಡಲು, ಅಡ್ವಾನ್ಸನ್ನು ಮುಟ್ಟದೆ ಬ್ಯಾಂಕಿನಲ್ಲಿಡಲು ಆಗದಿದ್ದರೆ ಈ ವರ್ಷ ಕೊಳ್ಳಬೇಡಿ.