ಖಾಲಿ ಪೆಟ್ಟಿಗೆ: ಹುಳುಗಳು ಸತ್ತವೋ, ಹಾರಿಹೋದವೋ?

ಬೇರೆ ಬೇರೆ ದೇಶಗಳ ಸಂಶೋಧಕರು ಅಂತರ್ಜಾಲದ ಮೂಲಕ ಕೂಡಿ ಕೆಲಸ ಮಾಡುವುದು ಈಗ ಹೊಸದೇನಲ್ಲ. ಆದರೆ ಅವರು ಬಳಸುವ ಪದಗಳು ಎಲ್ಲ ಊರುಗಳಿಗೂ ಹೊಂದುತ್ತವೆಯೆ? ಈ ಪ್ರಶ್ನೆಯನ್ನು ಕೊಡಗಿನ ಕಕ್ಕಬೆಯ ಜೇನುಪೆಟ್ಟಿಗೆಯ ಮುಂದೆ ನಿಂತು ಕೇಳೋಣ.

ತಡಿಯಂಡಮೋಳ್ ಬೆಟ್ಟದ ತಪ್ಪಲಿನ ಕಕ್ಕಬೆ ಜೇನಿಗೆ ಹೆಸರಾದ ಊರು. ಕೊಡಗಿನಲ್ಲಿ ಹಿಂದಿನಿಂದಲೂ ಸಾಕುತ್ತ ಬಂದಿರುವುದು ತುಡುವೆ ಜೇನನ್ನು (ಏಪಿಸ್ ಸೆರಾನ). 1976ರಲ್ಲಿ ಥಾಯ್ಲೆಂಡಿನಲ್ಲಿ ಕಾಣಿಸಿಕೊಂಡ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ 1991-92ರಲ್ಲಿ ದಕ್ಷಿಣ ಭಾರತದಲ್ಲಿ ಹರಡಿ ಬಹುಪಾಲು ತುಡುವೆ ಕುಟುಂಬಗಳನ್ನು ನಾಶಮಾಡಿತು. ನಡುವೆ ಹದಿನೈದು ವರ್ಷಗಳಿದ್ದವು. ಆಗ ನಮ್ಮಲ್ಲಿ ಅಂತರ್ಜಾಲ ಜನಸಾಮಾನ್ಯರ ಕೈಗೆ ಬಂದಿರಲಿಲ್ಲ.

ಇಂದು ಪರಿಸ್ಥಿತಿ ಬೇರೆ. ಜೇನು ಕುಟುಂಬಗಳ ನಷ್ಟವನ್ನು ಅಧ್ಯಯನ ಮಾಡಲು 2008ರಲ್ಲಿ ಯೂರೋಪಿನಲ್ಲಿ ‘ಕೊಲಾಸ್’ ಎಂಬ ಸಂಶೋಧಕರ ಜಾಲ ಆರಂಭವಾಯಿತು. ಹಲವು ದೇಶಗಳ ಜೇನು ಸಾಕುವವರಿಗೆ ಒಂದೇ ಪ್ರಶ್ನಾವಳಿ ಕೊಟ್ಟು ಉತ್ತರಗಳನ್ನು ಹೋಲಿಸುವುದು ಇದರ ಕ್ರಮ. ‘ಚಳಿಗಾಲ’ ಎಂಬುದನ್ನು ಇದು ತಿಂಗಳುಗಳಿಂದ ಗುರುತಿಸುವುದಿಲ್ಲ. ಚಳಿಗಾಲಕ್ಕೆ ಕುಟುಂಬಗಳನ್ನು ಸಿದ್ಧಗೊಳಿಸಿ ಮುಗಿಸಿದಲ್ಲಿಂದ ಹುಳುಗಳು ಮತ್ತೆ ಮೇವಿಗೆ ಹೊರಡುವವರೆಗಿನ ಅವಧಿಯೇ ಚಳಿಗಾಲ. ಹೀಗಾಗಿ ಬೇರೆ ಬೇರೆ ಹವೆಯ ದೇಶಗಳ ಅಂಕಿಗಳನ್ನು ಹೋಲಿಸಲು ಸಾಧ್ಯವಾಯಿತು. ಇದು ಮೆಚ್ಚತಕ್ಕ ಕೆಲಸ.

ಕೊರತೆ ಇರುವುದೂ ಇಲ್ಲಿಯೇ. ಈ ಪ್ರಶ್ನಾವಳಿ ಯೂರೋಪಿನ ಜೇನಿಗಾಗಿ (ಏಪಿಸ್ ಮೆಲ್ಲಿಫೆರ) ರಚಿತವಾದುದು. ಕಕ್ಕಬೆಯ ಜೇನಿಗೆ ಕಷ್ಟಕಾಲ ಚಳಿಗಾಲವಲ್ಲ, ಮುಂಗಾರು. ಕಾಫಿ ಹೂವಿನ ಕಾಲ ಮುಗಿದು ಜಡಿಮಳೆ ಹಿಡಿದರೆ ಹುಳುಗಳಿಗೆ ಮೇವಿಲ್ಲ. ಮೇವು ತಪ್ಪಿದಾಗ, ಇರುವೆ ಅಥವಾ ಮೇಣದ ಪತಂಗ ಕಾಡಿದಾಗ ತುಡುವೆ ಕುಟುಂಬ ಪೆಟ್ಟಿಗೆ ಬಿಟ್ಟು ಪರಾರಿಯಾಗುತ್ತದೆ. ಹತ್ತು ಪೆಟ್ಟಿಗೆಗಳಲ್ಲಿ ನಾಲ್ಕು ಖಾಲಿಯಾದವು, ಅವುಗಳಲ್ಲಿ ಮೂರು ಕುಟುಂಬಗಳು ಕಾಡು ಸೇರಿದವು ಎಂದಿಟ್ಟುಕೊಳ್ಳಿ. ಸಾಕುವವನಿಗೆ ನಷ್ಟ ಶೇಕಡಾ 40. ಆದರೆ ಸತ್ತದ್ದು ಶೇಕಡಾ 10 ಮಾತ್ರ. ಎರಡನ್ನೂ ಒಂದೇ ಅಂಕಣದಲ್ಲಿ ಬರೆದರೆ, ಬಂದದ್ದು ರೋಗವೋ ಹಸಿವೋ ಎಂಬುದೇ ಮುಚ್ಚಿಹೋಗುತ್ತದೆ.

ಪರಿಹಾರ ಕಷ್ಟದ್ದಲ್ಲ. ‘ಚಳಿಗಾಲ’ಕ್ಕೆ ವ್ಯಾಖ್ಯೆ ಕೊಟ್ಟ ರೀತಿಯಲ್ಲಿಯೇ ‘ಮಳೆಗಾಲದ ಅಭಾವ’ಕ್ಕೂ ‘ಪರಾರಿ’ಗೂ ವ್ಯಾಖ್ಯೆ ಕೊಡಬೇಕು. ಅಂಕಿಗಳನ್ನು ಕೂಡಿಹಾಕುವ ಮುನ್ನವೇ ಇದಾಗಬೇಕು. ಅನಂತರ ಎಂಥ ಗಣಕವೂ ಅವನ್ನು ಬಿಡಿಸಿಕೊಡಲಾರದು. ಪ್ರಶ್ನೆಗಳು ಕನ್ನಡದಲ್ಲಿರಬೇಕು, ಫಲಿತಾಂಶವೂ ಕನ್ನಡದಲ್ಲಿ ಊರಿಗೆ ಮರಳಬೇಕು.

ಶಿಕ್ಷಕರು ವಿದ್ಯಾರ್ಥಿಗಳೊಡನೆ ಇದನ್ನು ಇಂದೇ ಆರಂಭಿಸಬಹುದು. ಹತ್ತಿರದ ಜೇನು ಸಾಕುವವರನ್ನು ಕೇಳಿ, ಖಾಲಿಯಾದ ಪ್ರತಿ ಪೆಟ್ಟಿಗೆಗೂ ದಿನಾಂಕ, ಮಳೆ, ಎರಿಯಲ್ಲಿ ಚೀಲದಂತೆ ಊದಿ ಸತ್ತ ಮರಿಹುಳುಗಳಿದ್ದವೇ ಎಂಬುದನ್ನು ಬರೆದಿಡಿ. ಜಗತ್ತಿನೊಡನೆ ಹಂಚಿಕೊಳ್ಳಲು ಮೊದಲು ನಮ್ಮಲ್ಲಿ ಸರಿಯಾದ ಲೆಕ್ಕವಿರಬೇಕಲ್ಲವೆ?