ನೆಸ್ಟರ್: ಸ್ಫಟಿಕ ಒಡೆದು ಬರುವ ಮೊದಲ ಡ್ರ್ಯಾಗನ್

'ಸ್ಪೈರೋ ದ ಡ್ರ್ಯಾಗನ್' ಆಟದಲ್ಲಿ ಆಟಗಾರರಿಗೆ ಎದುರಾಗುವ ಮೊದಲ ಹಿರಿಯ ಡ್ರ್ಯಾಗನ್ ನೆಸ್ಟರ್. ಇನ್ಸಾಮ್ನಿಯಾಕ್ ಗೇಮ್ಸ್ ರೂಪಿಸಿದ ಈ ಆಟ 1998ರಲ್ಲಿ ಸೋನಿಯ ಪ್ಲೇಸ್ಟೇಷನ್‌ಗೆ ಬಂತು. ಟಿವಿ ಸಂದರ್ಶನವೊಂದರಲ್ಲಿ ಡ್ರ್ಯಾಗನ್‌ಗಳು ತನ್ನನ್ನು ಹೀಯಾಳಿಸಿದ್ದು ಕೇಳಿ ಕೆರಳಿದ ನ್ಯಾಸ್ಟಿ ನಾರ್ಕ್, ಮಂತ್ರ ಹಾಕಿ ಅವನ್ನು ಸ್ಫಟಿಕವಾಗಿಸುತ್ತಾನೆ. ಗಿಡ್ಡನಾದ್ದರಿಂದ ಸ್ಪೈರೋ ಮಾತ್ರ ತಪ್ಪಿಸಿಕೊಳ್ಳುತ್ತಾನೆ. ಆರು ಲೋಕಗಳಲ್ಲಿ ಚದುರಿರುವ 80 ಡ್ರ್ಯಾಗನ್‌ಗಳನ್ನು ಬಿಡಿಸುವ ಹೊಣೆ ಅವನ ಮೇಲೆ ಬೀಳುತ್ತದೆ.

ನೆಸ್ಟರ್ ನಿಂತಿರುವುದು ಮೊದಲ ಲೋಕವಾದ ಆರ್ಟಿಸನ್ಸ್‌ನಲ್ಲಿ, ಆಟ ಶುರುವಾಗುವ ಜಾಗಕ್ಕೆ ತೀರ ಹತ್ತಿರ. ಸ್ಪೈರೋ ಹೋಗಿ ತಾಕಿದರೆ ಸಾಕು, ಸ್ಫಟಿಕ ಒಡೆಯುತ್ತದೆ. ಪ್ರತಿ ಲೋಕದಲ್ಲೂ ಬಲೂನಿನವನೊಬ್ಬ ಇರುತ್ತಾನೆ, ಮುಂದಿನ ಲೋಕಕ್ಕೆ ಅವನೇ ಕರೆದೊಯ್ಯುತ್ತಾನೆ, ಆದರೆ ಮೊದಲು ಇಲ್ಲಿ 10 ಡ್ರ್ಯಾಗನ್‌ಗಳನ್ನು ಬಿಡಿಸಬೇಕು: ಇಷ್ಟು ಹೇಳಿ ನೆಸ್ಟರ್ ಮಾಯವಾಗುತ್ತಾನೆ. ಇಡೀ ಆಟದ ನಡೆ ಈ ಎರಡು ಮಾತಿನಲ್ಲಿದೆ. ಪುಟಗಟ್ಟಲೆ ಸೂಚನೆ ಓದಿಸದೆ ಆಟವನ್ನು ಕಲಿಸುವುದು ಹೀಗೆ. ಈ ಪ್ರಕಾರದ ಆಟಗಳಲ್ಲಿ ಇಷ್ಟು ಅಚ್ಚುಕಟ್ಟಾದ ಆರಂಭ ಅಪರೂಪ. ಡ್ರ್ಯಾಗನ್ ಹೋದ ಮೇಲೂ ಅವನು ನಿಂತಿದ್ದ ಪೀಠ ಉಳಿಯುತ್ತದೆ. ಅದರ ಮೇಲೆ ಹತ್ತಿದರೆ ಯಕ್ಷಿಣಿಯೊಬ್ಬಳು ಅಲ್ಲಿಯವರೆಗಿನ ಆಟವನ್ನು ಉಳಿಸಿಕೊಡುತ್ತಾಳೆ. ಬಿಡಿಸಿದ ಪ್ರತಿ ಡ್ರ್ಯಾಗನ್ ಹೀಗೆ ದಾರಿಯ ಒಂದು ತಂಗುದಾಣವನ್ನೂ ಬಿಟ್ಟುಹೋಗುತ್ತದೆ.

ಉಳಿದವರಲ್ಲಿ ಹಲವರ ಪಾಲಿಗೆ ಬರುವ ಮಾತು ಇನ್ನೂ ಕಡಿಮೆ. ಕೆಲವರು ತೇಲುವ, ಗುಮ್ಮುವ ಪಟ್ಟು ಹೇಳಿಕೊಡುತ್ತಾರೆ. ಕೆಲವರದು ಬಿಡಿಸಿದ್ದಕ್ಕೆ ಒಂದು ಧನ್ಯವಾದ, ಅಷ್ಟೇ.

ಹಳೆಯ ಆಟದ 80 ಡ್ರ್ಯಾಗನ್‌ಗಳಿಗೂ ಬೇರೆ ಬೇರೆ ಮೈಕಟ್ಟು ಇರಲಿಲ್ಲ. ಪ್ಲೇಸ್ಟೇಷನ್ನಿನ ಮುಖ್ಯ ಮೆಮೊರಿ 2 ಎಂಬಿ ಮಾತ್ರ. ವಿಶಾಲ ಬಯಲನ್ನು ದೂರದವರೆಗೂ ತೋರಿಸಲು ಹೊರಟ ಆಟ ಅದು. ದೂರದ ಗುಡ್ಡಗಳನ್ನು ಬರೀ ಬಣ್ಣದ ಸರಳ ಆಕಾರಗಳಲ್ಲಿ ಬಿಡಿಸಿ, ಹತ್ತಿರ ಬಂದಾಗ ಮಾತ್ರ ವಿವರ ತುಂಬುತ್ತಿತ್ತು. ಸಣ್ಣ ಪಾತ್ರಗಳಿಗೆ ಅಂಥ ಕಡೆ ಹೆಚ್ಚು ಜಾಗ ಸಿಗುವುದಿಲ್ಲ. ಆದ್ದರಿಂದ ಕೆಲವೇ ಅಚ್ಚುಗಳನ್ನು ಬಣ್ಣ, ದನಿ ಬದಲಿಸಿ ಮತ್ತೆ ಮತ್ತೆ ಬಳಸಿದರು. ಸೋಮನಾಥಪುರದ ಕೇಶವ ದೇಗುಲದ ಬುಡದ ಪಟ್ಟಿಕೆಯಲ್ಲಿ ಮಕರಗಳು ಸಾಲುಗಟ್ಟಿರುವ ಹಾಗೆ ಇವುಗಳದೂ ಒಂದೇ ವಂಶದ ಮುಖ. ಆದರೂ ಪ್ರತಿಯೊಂದಕ್ಕೂ ಹೆಸರಿಟ್ಟರು: ನೆಸ್ಟರ್, ಡೆಲ್ಬಿನ್, ತೋಮಸ್, ಆರ್ಗಸ್. ಒಂದೇ ಒಂದು ವಾಕ್ಯ ಆಡಿ ಮರೆಯಾಗುವ ಪಾತ್ರಕ್ಕೂ ಹೆಸರಿದೆ ಎಂಬುದು ಆ ತಂಡದ ದೊಡ್ಡತನ.

2018ರಲ್ಲಿ ಟಾಯ್ಸ್ ಫಾರ್ ಬಾಬ್ ಸಂಸ್ಥೆ ಮೊದಲ ಮೂರು ಆಟಗಳನ್ನು 'ಸ್ಪೈರೋ ರೀಇಗ್ನೈಟೆಡ್ ಟ್ರಿಲಜಿ'ಯಾಗಿ ಹೊಸದಾಗಿ ಕಟ್ಟಿತು. ಇಲ್ಲಿ 80 ಡ್ರ್ಯಾಗನ್‌ಗಳಿಗೂ ಪ್ರತ್ಯೇಕ ರೂಪ, ಉಡುಗೆ, ಹಾವಭಾವ ಬಂದವು. ಆರ್ಟಿಸನ್ಸ್‌ನವರು ನೋಡಿದೊಡನೆ ಕುಶಲಕರ್ಮಿಗಳೆಂದೂ ಪೀಸ್ ಕೀಪರ್ಸ್‌ನವರು ಯೋಧರೆಂದೂ ಗೊತ್ತಾಗುತ್ತದೆ. ಮರುನಿರ್ಮಾಣದ ಅತ್ಯುತ್ತಮ ಕೆಲಸ ಇದೇ. ನೆಸ್ಟರ್ ಹೇಳುವ ವಿಷಯವನ್ನು ಮಾತ್ರ ಬದಲಿಸದೆ, ಬಲೂನಿನವನನ್ನೂ 10ರ ಲೆಕ್ಕವನ್ನೂ ಇದ್ದಂತೆಯೇ ಉಳಿಸಿಕೊಂಡಿದ್ದಾರೆ. 2019ರಲ್ಲಿ ಈ ಆವೃತ್ತಿ ವಿಂಡೋಸ್ ಮತ್ತು ನಿಂಟೆಂಡೊ ಸ್ವಿಚ್‌ಗೂ ಬಂದಿದ್ದರಿಂದ, ಹಳೆಯ ಪ್ಲೇಸ್ಟೇಷನ್ ಇಲ್ಲದವರೂ ಈಗ ನೆಸ್ಟರ್‌ನನ್ನು ಬಿಡಿಸಬಹುದು.